ಒದ್ದೆ ನೆಲದ ಹೆಜ್ಜೆ

ಮೂರು ದಿನ ಎಡೆಬಿಡದೆ ಬೀಸಿದ ಮೂಡಗಾಳಿ ಆ ಬೆಳಿಗ್ಗೆ ನಿಂತಿತ್ತು. ಗಾಳಿ ನಿಂತರೂ ಧೂಳು ಇನ್ನೂ ನೆಲಕ್ಕಿಳಿದಿರಲಿಲ್ಲ. ಸೂರ್ಯ ಮಜ್ಜಿಗೆ ತೊಳೆದ ಬಟ್ಟಲಿನ ಹಾಗೆ ಮಸಕಾಗಿ ಮೇಲೆ ಬಂದಿದ್ದ. ಬರಿಗಣ್ಣಲ್ಲೇ ಅವನನ್ನು ನೋಡಬಹುದಿತ್ತು. ಚಳಿ ಮಂಡಿಯೊಳಗೆ ಹೋಗಿ ಕೂತಿತ್ತು. ಮರಳುಗಾಡಿನ ನಡುವೆ, ತಿನ್‌ಮೆಲ್ಲಾಲದ ಬಿಳಿ ಬಯಲಿನ ಅಂಚಿನಲ್ಲಿ ಹದ್ರಾಮಿ ಕುಕ್ಕರುಗಾಲಲ್ಲಿ ಕೂತು, ಕಪ್ಪು ರುಮಾಲಿನ ತುದಿಯನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಕಲ್ಲಾಗಿಹೋಗಿದ್ದ ಕೆಸರಿನಲ್ಲಿ ಮೂಡಿದ್ದ ಒಂದು ಗೊರಸಿನ ಗುರುತನ್ನು ನೋಡುತ್ತಿದ್ದ.

"ಆತುರ ಬೇಡ ಅಜ್ಜ. ಏಳು ಸಾವಿರ ವರ್ಷ ಕಾದಿದೆ, ಇನ್ನೊಂದು ಗಳಿಗೆ ಕಾಯುತ್ತೆ," ಎಂದಳು ಝೈನಬು.

ಝೈನಬು ರಾಜಧಾನಿಯಲ್ಲಿ ಮಣ್ಣಿನ ಓದು ಓದಿದವಳು. ಐದು ದಿನದ ಹಿಂದೆ ಜೀಪಿನಲ್ಲಿ ಬಂದು, ದಾರಿ ತೋರಿಸಲು ಹದ್ರಾಮಿಯನ್ನು ಕರೆದುಕೊಂಡಿದ್ದಳು. ಬಿಳಿ ಬಯಲಿನೊಳಕ್ಕೆ ಕಬ್ಬಿಣದ ಕೊಳವೆ ಬಡಿದು, ಪದರ ಪದರ ಮಣ್ಣು ಎತ್ತಿ, ಕೂಸಿಗೆ ಬಟ್ಟೆ ಸುತ್ತಿದ ಹಾಗೆ ಸುತ್ತಿಡುತ್ತಿದ್ದಳು. ಇಲ್ಲೊಂದು ದೊಡ್ಡ ಸರೋವರವಿತ್ತು, ಮಳೆ ವರ್ಷ ವರ್ಷ ತಪ್ಪದೆ ಬರುತ್ತಿತ್ತು, ದಡದಲ್ಲಿ ಜನ ಹಸು ಸಾಕಿಕೊಂಡಿದ್ದರು ಎಂದು ಹೇಳುತ್ತಿದ್ದಳು. ಹದ್ರಾಮಿಗೆ ಅದನ್ನು ನಂಬಲು ಕಷ್ಟವಾಗಿರಲಿಲ್ಲ. ಈ ಮರಳಿನಲ್ಲೇ ಅವನು ಮೀನಿನ ಮುಳ್ಳು ಹೆಕ್ಕಿದ್ದ. ಅವನಜ್ಜಿ ಸಜ್ಜೆ ಬೀಸುತ್ತಿದ್ದ ಕಲ್ಲು ಈ ಬಯಲಿನಲ್ಲೇ ಸಿಕ್ಕಿದ್ದು. ಸಿಕ್ಕಾಗಲೇ ಅದರ ನಡುವೆ ಯಾರದೋ ಕೈ ಸವೆಸಿದ ಕುಳಿ ಇತ್ತಂತೆ. ನೀರು ಕೊಟ್ಟವನೂ ಮೇಲಿನವನೇ, ತೆಗೆದುಕೊಂಡವನೂ ಅವನೇ ಎಂದು ಅಜ್ಜಿ ಅಂದದ್ದರ ಮೇಲೆ ಹದ್ರಾಮಿ ಹೆಚ್ಚು ಯೋಚಿಸಿರಲಿಲ್ಲ.

ಗಾಳಿ ಮರಳನ್ನು ಗುಡಿಸಿ ಈ ಗೊರಸಿನ ಸಾಲನ್ನು ನಿನ್ನೆಯಷ್ಟೇ ತೆರೆದಿತ್ತು. ಝೈನಬು ಬೆಳಕು ಹರಿಯುವ ಮೊದಲೇ ಎದ್ದು ಬ್ರಷ್ಷಿನಿಂದ ಒಂದೊಂದನ್ನೂ ಶುಚಿ ಮಾಡಿದ್ದಳು.

"ಎಷ್ಟು ಹಸು ಹೋಗಿವೆ ಹೇಳು ಅಜ್ಜ. ನಿನ್ನ ಕಣ್ಣಿನ ಬಗ್ಗೆ ಪಟ್ಟಣದಲ್ಲೂ ಮಾತಾಡ್ತಾರೆ."

"ಹೇಳಿಬಿಡಿ," ಎಂದು ಜೀಪಿನ ಚಾಲಕ ಬಾನೆಟ್ಟಿನ ಮೇಲೆ ಕೂತಲ್ಲಿಂದಲೇ ಕೂಗಿದ. "ಹಸು ಯಾರ ಮನೇದು ಅಂತಾನೂ ಹೇಳಿ. ಹೋಗಿ ಒಂದು ಚೊಂಬು ಹಾಲು ಕೇಳ್ಕೊಂಡು ಬರ್ತೀನಿ, ಚಹಾಕ್ಕಾಗುತ್ತೆ."

ಹದ್ರಾಮಿ ಎದ್ದ. ಸಾಲಿನ ಪಕ್ಕದಲ್ಲೇ, ಒಂದನ್ನೂ ತುಳಿಯದೆ, ಇಪ್ಪತ್ತಾರು ಹೆಜ್ಜೆ ಹೋಗಿ ಹಿಂದೆ ಬಂದ. ದಡದ ಗಟ್ಟಿ ನೆಲದಲ್ಲಿ ಗೊರಸು ಚಿಕ್ಕದು, ಎರಡು ಹೋಳೂ ಕೂಡಿಕೊಂಡಿವೆ. ಒಳಗಡೆ ಗೊರಸು ದೊಡ್ಡದು, ಹೋಳುಗಳು ಅಗಲಕ್ಕೆ ಬಿಚ್ಚಿಕೊಂಡಿವೆ.

"ಎರಡು," ಎಂದ. "ಎಳೇದು ದಡದಲ್ಲೇ ನಿಂತಿದೆ. ದೊಡ್ಡದು ನೀರಿಗೆ ಇಳಿದಿದೆ. ತಾಯಿ ಮಗಳು. ಮುಂದಿನ ಬಲಗಾಲು ಎರಡೂ ಒಂದೇ ಥರ ಒಳಕ್ಕೆ ತಿರುಗಿಸಿ ಇಡ್ತವೆ ನೋಡು. ನಡಿಗೆ ರಕ್ತದಲ್ಲಿ ಬರುತ್ತೆ ಮಗಳೇ."

ಝೈನಬು ನಕ್ಕಳು. ಅಣಕದ ನಗೆಯಲ್ಲ, ಅವಳಿಗೆ ಖುಷಿಯಾಗಿತ್ತು. ಅವನ ತೋಳು ಹಿಡಿದು ದಡದ ಗುರುತಿನ ಹತ್ತಿರ ಕೂರಿಸಿದಳು. "ಹೊರಗಿನ ಹೋಳಿನ ತುದಿ ಮುಕ್ಕಾಗಿದೆ, ಕಾಣಿಸ್ತಾ? ಈಗ ಇಲ್ಲಿ ಬಾ." ಒಳಗಿನ ದೊಡ್ಡ ಗುರುತಿನ ಹತ್ತಿರ ಕರೆದೊಯ್ದಳು. "ಇಲ್ಲೂ ಅದೇ ಮುಕ್ಕು. ಅದೇ ಜಾಗದಲ್ಲಿ. ನಾನೂ ಮೊದಲು ಎರಡು ಅಂದ್ಕೊಂಡೆ. ಒಂದೇ ಹಸು ಅಜ್ಜ. ಈ ಬಿಳಿ ಮಣ್ಣು ಬೇರೆ ಮಣ್ಣಿನ ಥರ ಅಲ್ಲ. ನೀರು ಕುಡಿದ್ರೆ ನಾದಿದ ಹಿಟ್ಟಿನ ಹಾಗೆ ಉಬ್ಬುತ್ತೆ. ಕಾಲಿಟ್ರೆ ಅಗಲಕ್ಕೆ ಬಿಟ್ಕೊಡುತ್ತೆ, ಒಣಗಿದ ಮೇಲೂ ಹಾಗೇ ನಿಂತುಬಿಡುತ್ತೆ. ಹಸು ಬೆಳೀಲಿಲ್ಲ ಅಜ್ಜ, ನೆಲ ಹಿಗ್ಗಿತು."

"ಸದ್ಯ," ಎಂದ ಚಾಲಕ. "ಇಲ್ಲದ ಮಗಳಿಗೂ ಹುಲ್ಲು ಹಾಕೋದು ತಪ್ಪಿತು."

ಹದ್ರಾಮಿ ನಗಲಿಲ್ಲ. ಮುಕ್ಕಾದ ತುದಿಯ ಮೇಲೆ ಬೆರಳಿಟ್ಟು ಹಾಗೇ ಕೂತಿದ್ದ. ತಾಯಿ ಮಗಳು. ಆ ಮಾತು ಅವನ ಬಾಯಿಂದ ಹೊರಟದ್ದು ಇದು ಎರಡನೆಯ ಸಲ. ಮೊದಲನೆಯ ಸಲ ಹಿರಿಯರ ಮುಂದೆ, ಚಾಪೆಯ ಮೇಲೆ ಕೂತು ಹೇಳಿದ್ದ.

ಹೋದ ವರ್ಷದ ಹಿಂದಿನ ವರ್ಷ ಚಳಿಗೆ ಮುಂಚೆ ತಿನ್‌ಮೆಲ್ಲಾಲದ ಮೇಲೆ ಮಳೆ ಬಿದ್ದಿತ್ತು. ಹದಿನಾಲ್ಕು ವರ್ಷದಲ್ಲಿ ಅದೊಂದೇ ಮಳೆ, ಅದೂ ಒಂದು ರಾತ್ರಿಯದು. ಆ ರಾತ್ರಿ ಸಿದಾತಿಯ ಹೆಣ್ಣೊಂಟೆ ಝರ್ಗ ಕಾಣೆಯಾಯಿತು. ಸಿದಾತಿ ಹದ್ರಾಮಿಯ ಚಿಕ್ಕಪ್ಪನ ಮಗ, ನಲವತ್ತು ಒಂಟೆಗಳ ಯಜಮಾನ. ಆ ಹಿಂಡನ್ನು ಮೇಯಿಸುತ್ತಿದ್ದವನು ಮಸ್ಸೂದ್. ಅವನ ತಾತ ಇವರ ಮನೆತನಕ್ಕೆ ಗುಲಾಮನಾಗಿದ್ದವನು. ಮಸ್ಸೂದ್ ಮಾತ್ರ ತನ್ನ ದುಡಿಮೆಗೆ ಕೂಲಿ ಪಡೆಯುತ್ತಿದ್ದ. ಆರು ವರ್ಷ ಮೇಯಿಸಿದ್ದಕ್ಕೆ ಝರ್ಗದ ಮಗಳನ್ನೇ, ಸಫ್ರ ಎಂಬ ಎಳೆಯ ಹೆಣ್ಣೊಂಟೆಯನ್ನು, ಕೂಲಿಯಾಗಿ ಪಡೆದಿದ್ದ. ಅವನ ಆಸ್ತಿ ಎಂದರೆ ಅದೊಂದೇ.

ಮಳೆಯಾದ ಮೂರನೆಯ ದಿನ, ಬಯಲು ಒಣಗಿದ ಮೇಲೆ, ಹದ್ರಾಮಿಯನ್ನು ಕರೆಸಿದರು. ಆ ಸೀಮೆಯಲ್ಲಿ ಹೆಜ್ಜೆ ಓದುವವನ ಮಾತು ಎಂದರೆ ಇಬ್ಬರು ಸಾಕ್ಷಿಗಳ ಮಾತು. ನಲವತ್ತು ವರ್ಷದಲ್ಲಿ ಅವನು ಓದಿದ ಹೆಜ್ಜೆಗೆ ಎದುರು ಮಾತು ಬಂದಿರಲಿಲ್ಲ. ಬಿಳಿ ಬಯಲಿನಿಂದ ಮಸ್ಸೂದನ ಡೇರೆಯ ಹಿಂಬದಿಗೆ ಹೋದ ಒಂಟೆಯ ಸಾಲನ್ನು ಅವನು ಓದಿದ. ಹಿಂದಿನ ಎಡಗಾಲು ಹೊರಕ್ಕೆ ಚಿಮ್ಮಿ ಉಗುರು ಗೀರುತ್ತದೆ. ಅಂಗಾಲು ಒಂದು ಗೇಣು ಎರಡು ಬೆರಳು. "ಇದು ಝರ್ಗ," ಎಂದ. ಡೇರೆಯಾಚೆ ಕಲ್ಲುನೆಲ, ಮುಂದೆ ಹೆಜ್ಜೆ ಇರಲಿಲ್ಲ.

"ಅದು ನನ್ನ ಸಫ್ರ, ದೊಡ್ಡೋರೇ," ಎಂದಿದ್ದ ಮಸ್ಸೂದ್. "ಮಳೆ ನೀರು ಕುಡಿಯೋಕೆ ಹೋಗಿದ್ಲು, ಬೆಳಗಾಗೋಷ್ಟರಲ್ಲಿ ವಾಪಸ್ ಬಂದ್ಲು. ನಾನೇ ಕಟ್ಟಿಹಾಕಿದೆ."

"ತಾಯಿ ಮಗಳು ಒಂದೇ ಥರ ನಡೀತಾರೆ, ನಿಜ. ಮಗಳ ಕಾಲು ಒಂದು ಗೇಣು. ಇದು ಅದಕ್ಕಿಂತ ಎರಡು ಬೆರಳು ಜಾಸ್ತಿ. ತಾಯಿ ಯಾರು ಮಗಳು ಯಾರು ಅಂತ ನನಗೆ ನೀನು ಹೇಳಿಕೊಡ್ತೀಯೇನಯ್ಯ?" ಎಂದಿದ್ದ ಹದ್ರಾಮಿ. ಸುತ್ತ ಕೂತವರು ನಕ್ಕಿದ್ದರು. ಮಸ್ಸೂದ್ ಕುರಾನಿನ ಮೇಲೆ ಆಣೆ ಮಾಡುತ್ತೇನೆಂದ. ಗುಲಾಮನ ಮೊಮ್ಮಗನ ಆಣೆ ಎಷ್ಟು ತೂಗುತ್ತದೆ ಎಂದು ಯಾರೋ ಹಿಂದಿನಿಂದ ಅಂದರು. ಆಗ ಹದ್ರಾಮಿ ಸುಮ್ಮನಿದ್ದ. ಝರ್ಗಕ್ಕೆ ಬದಲಾಗಿ ಸಫ್ರವನ್ನು ಕೊಡಬೇಕೆಂದು ತೀರ್ಪಾಯಿತು. ಸಫ್ರ ಆಗ ಗಬ್ಬವಾಗಿತ್ತು. ಮಸ್ಸೂದ್ ಮಾರನೆಯ ದಿನವೇ ಡೇರೆ ಕಿತ್ತು, ಹೆಂಡತಿಯನ್ನು ಕರೆದುಕೊಂಡು ಬಯಲಿನ ಆಚೆ ಕೊನೆಗೆ ಹೋದ. ಮತ್ತೆ ಯಾರೂ ಅವನ ಕೈಗೆ ಹಿಂಡು ಕೊಡಲಿಲ್ಲ.

ಆ ದಿನವೆಲ್ಲ ಹದ್ರಾಮಿ ಝೈನಬುವಿಗೆ ದಾರಿ ತೋರಿಸುತ್ತಿದ್ದ, ಆದರೆ ಅವನ ಮನಸ್ಸು ಅಲ್ಲಿರಲಿಲ್ಲ. ರುಮಾಲನ್ನು ಬಿಚ್ಚಿ ಕಟ್ಟಿದ, ಮತ್ತೆ ಬಿಚ್ಚಿದ. ಮಧ್ಯಾಹ್ನದ ನಮಾಜಿನಲ್ಲಿ ಎಷ್ಟು ರಕಾತು ಆಯಿತೆಂದು ಮರೆತು ಮೊದಲಿಂದ ಶುರುಮಾಡಿದ. ಅವಳು ಕೊಳವೆ ಎಳೆಯುತ್ತಿದ್ದಾಗ ಹತ್ತಿರ ಹೋಗಿ ನಿಂತು ಕೇಳಿದ:

"ಒಂಟೆ ಕಾಲೂ ಹಾಗೇ ಆಗುತ್ತಾ?"

"ಹೇಗೆ?"

"ಅದೇ. ನೆಲ ಹಿಗ್ಗೋದು."

"ಒಂಟೆ ಅಂಗಾಲು ಮೆತ್ತಗಲ್ವಾ, ಹಸೂಗಿಂತ ಜಾಸ್ತೀನೇ ಆಗಬಹುದು. ನಾನು ನೋಡಿಲ್ಲ. ಒದ್ದೆ ಬಯಲಲ್ಲಿ ಒಂಟೆ ಹೋಗಿದ್ದು ನೀನು ನೋಡಿರ್ತೀಯ, ನೀನೇ ಹೇಳಬೇಕು. ಯಾಕಜ್ಜ?"

"ಸುಮ್ನೆ," ಎಂದ.

ಅವನೂ ನೋಡಿರಲಿಲ್ಲ. ಬಾವಿಯ ಸುತ್ತ ನೆಲ ಒದ್ದೆಯಿರುತ್ತದೆ, ಆದರೆ ಅದು ಮರಳು, ಸಾಲದ್ದಕ್ಕೆ ಸಾವಿರ ಕಾಲು ತುಳಿದ ಜಾಗ. ಅಲ್ಲಿ ಯಾರೂ ಹೆಜ್ಜೆ ಓದುವುದಿಲ್ಲ. ಅವನ ಕಣ್ಣು ಒಣನೆಲದಲ್ಲಿ ಪಳಗಿದ್ದು. ಬಿಳಿ ಮಣ್ಣು ನೀರು ಕುಡಿದ ಮೇಲೆ ಅದರಲ್ಲಿ ಅವನು ಹೆಜ್ಜೆ ಓದಿದ್ದು ಆ ಒಂದೇ ಸಲ.

ಇಳಿಹೊತ್ತಿನ ನಮಾಜಿಗೆ ಮೊದಲೇ ಅವನು ಮನೆಗೆ ಬಂದ. ಅವನ ಡೇರೆ ಬಯಲಿನ ಪಡುವಣ ಅಂಚಿನಲ್ಲಿತ್ತು. ಡೇರೆಯ ಮುಂದೆ ಸಫ್ರ ಮಂಡಿಯೂರಿ ಮೆಲುಕು ಹಾಕುತ್ತಿತ್ತು, ವರ್ಷದ ಮರಿ ಅದರ ಮೈಗೆ ಒರಗಿ ನಿಂತಿತ್ತು. ತೀರ್ಪಾದ ಚಳಿಗಾಲದಲ್ಲೇ ಹದ್ರಾಮಿಯ ಮೇಕೆಗಳು ರೋಗ ಬಂದು ಒಂದೂ ಉಳಿಯದೆ ಸತ್ತಿದ್ದವು. ಸಿದಾತಿ ತಾನಾಗಿಯೇ ಸಫ್ರವನ್ನು ತಂದು ಕಟ್ಟಿದ್ದ. "ಒಂಟೆ ನನ್ನದು, ಹಾಲು ನಿಮ್ಮದು. ಬತ್ತೋವರೆಗೂ ಕರ್ಕೊಳ್ಳಿ. ಅತ್ತಿಗೆ ಎದೆಗೆ ಒಳ್ಳೇದು," ಎಂದಿದ್ದ. ನೆಂಟರೊಳಗೆ ಹಾಗೆ ಒಂಟೆಯನ್ನು ಹಾಲಿಗೆ ಬಿಡುವುದು ಪುಣ್ಯದ ಕೆಲಸ. ಆ ಹಾಲಿನಿಂದ ಹದ್ರಾಮಿಯ ಹೆಂಡತಿ ತೆಕ್ಬೆರಳ ಕೆಮ್ಮು ಕಡಿಮೆಯಾಗಿತ್ತು, ಕೆನ್ನೆ ತುಂಬಿತ್ತು.

ತೆಕ್ಬೆರ್ ಮರದ ಬೋಗುಣಿಯಲ್ಲಿ ಹಾಲು ತಂದಿಟ್ಟಳು. ಅವನು ಅದರ ನೊರೆ ಇಳಿಯುವುದನ್ನು ನೋಡುತ್ತ ಕೂತ. ಆಮೇಲೆ ಬೋಗುಣಿಯನ್ನು ಹಾಗೇ ಬಿಟ್ಟು ಎದ್ದು, ಕಂಬಕ್ಕೆ ತೂಗುಹಾಕಿದ್ದ ನೀರಿನ ತೊಗಲ ತಿತ್ತಿಗಳೆರಡನ್ನೂ ಹೆಗಲಿಗೇರಿಸಿದ. ಸಫ್ರದ ಹಗ್ಗ ಬಿಚ್ಚಿದ.

"ಎಲ್ಲಿಗೆ ಹೊರಟೆ?" ಎಂದಳು ತೆಕ್ಬೆರ್. "ನೀರು ಯಾಕೆ? ಹಾಲಿಗೇನಾಯ್ತು?"

ಅವನು ಬಿಳಿ ಬಯಲಿನೊಳಕ್ಕೆ ನೂರು ಹೆಜ್ಜೆ ಹೋಗಿ, ಒಂದು ತಿತ್ತಿಯ ಬಾಯಿ ಬಿಚ್ಚಿ ನೆಲಕ್ಕೆ ಸುರಿಯತೊಡಗಿದ. ಮಣ್ಣು ಸದ್ದು ಮಾಡುತ್ತ ಕುಡಿಯಿತು. ಹಿಂದೆಯೇ ಏದುತ್ತ ಬಂದ ತೆಕ್ಬೆರ್ ಎರಡೂ ಕೈ ತಲೆ ಮೇಲಿಟ್ಟುಕೊಂಡಳು.

"ಅಯ್ಯೋ ನನ್ನ ದೇವರೇ! ಮೂರು ದಿನದ ನೀರು! ತಲೆ ನೆಟ್ಟಗಿದೆಯಾ ನಿಂಗೆ? ನೆಲಕ್ಕೆ ಸ್ನಾನ ಮಾಡಿಸ್ತಿದ್ದೀಯಲ್ಲೋ ಮಾರಾಯ! ಸತ್ತ ಮೇಲೆ ನಮ್ಮನ್ನ ತೊಳೆಯೋಕಾದ್ರೂ ಒಂದು ಬೊಗಸೆ ಉಳಿಸು!"

"ಹಗ್ಗ ಹಿಡ್ಕೋ," ಎಂದ ಹದ್ರಾಮಿ.

"ಹಿಡಿಯಲ್ಲ."

"ತೆಕ್ಬೆರ್, ಹಿಡ್ಕೋ."

ಆ ದನಿಯನ್ನು ಅವಳು ಹೆಚ್ಚು ಕೇಳಿದವಳಲ್ಲ. ಹಿಡಿದುಕೊಂಡಳು. ಅವನು ಎರಡನೆಯ ತಿತ್ತಿಯನ್ನೂ ಬರಿದು ಮಾಡಿ, ಮಣ್ಣು ನೆನೆಯಲು ಬಿಟ್ಟು, ಸಫ್ರವನ್ನು ಮೆಲ್ಲಗೆ ಅದರ ಮೇಲೆ ನಡೆಸಿಕೊಂಡು ಹೋದ. ಅದು ಮೊದಲು ಹಿಂಜರಿಯಿತು, ಮೂಸಿತು, ಆಮೇಲೆ ಕಾಲಿಟ್ಟಿತು. ಹಿಂದಿನ ಎಡಗಾಲು ಹೊರಕ್ಕೆ ಚಿಮ್ಮಿ ಉಗುರು ಗೀರಿತು.

"ಒಣಗಲಿ," ಎಂದು ಅಲ್ಲೇ ಕೂತ. ಕತ್ತಲಾದ ಮೇಲೆ ತೆಕ್ಬೆರ್ ಬಂದು ಅವನ ಹೆಗಲಿಗೆ ಕಂಬಳಿ ಹೊದಿಸಿ ಹೋದಳು, ಬೈಯಲಿಲ್ಲ.

ಬೆಳಗಿನ ನಮಾಜು ಮುಗಿಸಿ ಅವಳು ಮತ್ತೆ ಬಂದಾಗ ಅವನು ಮಣ್ಣಿನ ಮೇಲೆ ಬಗ್ಗಿದ್ದ. ಅಂಚುಗಳು ಗಟ್ಟಿಯಾಗಿದ್ದವು. ಹದ್ರಾಮಿಗೆ ಅಳತೆಗೋಲು ಎಂದರೆ ಅವನ ಅಂಗೈ. ಒಣನೆಲದಲ್ಲಿ ಸಫ್ರ ಇಟ್ಟ ಹೆಜ್ಜೆಯ ಮೇಲೆ ಕೈ ಚಾಚಿದ: ಒಂದು ಗೇಣು. ನೆನೆದು ಒಣಗಿದ ಹೆಜ್ಜೆಯ ಮೇಲೆ ಚಾಚಿದ: ಒಂದು ಗೇಣು, ಮತ್ತೆ ಎರಡು ಬೆರಳು. ಇನ್ನೊಂದು ಹೆಜ್ಜೆಗೆ ಹೋದ. ಅಲ್ಲೂ ಎರಡು ಬೆರಳು. ಅಲ್ಲಿ ಮೂಡಿದ್ದ ಐದು ಹೆಜ್ಜೆಗಳನ್ನೂ ಅಳೆದ. ಅಳೆದು ಮುಗಿದ ಮೇಲೆ ಮತ್ತೆ ಮೊದಲನೆಯದಕ್ಕೆ ಬಂದು ಅಳೆದ.

"ನಾನು ಅವತ್ತು ಹೇಳಿದ್ದು ಸುಳ್ಳು," ಎಂದ.

"ಯಾವತ್ತು?"

"ಮಸ್ಸೂದ್ ಹೇಳಿದ್ದೇ ನಿಜ. ಇವಳೇ ಹೋಗಿ ಬಂದದ್ದು."

ತೆಕ್ಬೆರಳಿಗೆ ಅರ್ಥವಾಗಲು ಹೊತ್ತು ಹಿಡಿಯಲಿಲ್ಲ. ಮೈಗೆ ಸುತ್ತಿದ್ದ ಮೆಲ್ಹಫದ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಒಂದಿಷ್ಟು ಕೆಮ್ಮಿದಳು. ಮರಿ ಓಡಿಬಂದು ತಾಯಿಯ ಕೆಚ್ಚಲಿಗೆ ಮೂತಿ ಹಾಕಿತು. ಇಬ್ಬರೂ ಅದನ್ನೇ ನೋಡಿದರು.

"ಯಾರೂ ನೋಡಿಲ್ಲ, ಕಾಲಲ್ಲಿ ಒರೆಸಿಬಿಡು ಅನ್ನೋಣ ಅಂದ್ಕೊಂಡೆ," ಎಂದಳು ಕೊನೆಗೆ. "ಬಾಯಿಗೆ ಬಂತು ಕಣೋ, ಸುಳ್ಳು ಯಾಕೆ ಹೇಳಲಿ. ಆದ್ರೆ ನಾಳೆ ಆ ಬೋಗುಣಿ ನಾನು ಹೇಗೆ ಎತ್ತಲಿ? ಅವನ ಹೆಂಡತಿ ಹೋಗುವಾಗ ನನ್ನ ಕಡೆ ನೋಡಿದ್ಲು. ಏನೂ ಅನ್ನಲಿಲ್ಲ. ಅಂದುಬಿಟ್ಟಿದ್ರೆ ಆಗ್ತಿತ್ತು."

"ನಿನ್ನ ಎದೆ?"

"ನನ್ನ ಎದೆಗೆ ಅಲ್ಲಾಹ್ ಇದ್ದಾನೆ. ಒಂದು ವರ್ಷ ಕುಡಿದದ್ದು ಹೊಟ್ಟೆಯಿಂದ ವಾಪಸ್ ತೆಗೆಯೋಕಾಗಲ್ಲ. ಇನ್ನು ಮುಂದೆ ಕುಡಿಯೋದು ಬೇಡ."

ಅಂದು ಬಾವಿಯಲ್ಲಿ ಸಿದಾತಿಯ ಹಿಂಡಿಗೆ ನೀರಿನ ಸರದಿ. ಹದ್ರಾಮಿ ತನ್ನ ಸವಾರಿ ಒಂಟೆಯ ಮೇಲೆ ಕೂತು, ಸಫ್ರವನ್ನೂ ಮರಿಯನ್ನೂ ಹಿಂದೆ ಕಟ್ಟಿಕೊಂಡು ಹೋದಾಗ ಸೂರ್ಯ ನೆತ್ತಿಗೆ ಬಂದಿದ್ದ. ರಾಟೆ ಕಿರುಗುಟ್ಟುತ್ತಿತ್ತು. ಅಕೇಸಿಯ ಮರದ ನೆರಳಲ್ಲಿ ನಾಲ್ಕೈದು ಹಿರಿಯರು ಚಹಾ ಕುಡಿಯುತ್ತಿದ್ದರು. ಅವರ ನಡುವೆ ಮಸ್ಸೂದನ ತೀರ್ಪು ಹೇಳಿದ್ದ ಶೇಖ್ ಫಾದಿಲ್ ಇದ್ದ. ಅವನ ಕಣ್ಣು ಹೋಗಿ ಒಂಬತ್ತು ವರ್ಷವಾಗಿತ್ತು.

"ಹದ್ರಾಮಿಯ ಒಂಟೆ ಸದ್ದು," ಎಂದ ಶೇಖ್. "ಜೊತೆಗೆ ಹಾಲಿನ ಒಂಟೆ ಯಾಕೆ ಬಂತು?"

"ಬತ್ತಿಹೋದಳೇನಣ್ಣ ಇಷ್ಟು ಬೇಗ?" ಎಂದು ಸಿದಾತಿ ಬಾನಿಯ ಹತ್ತಿರದಿಂದ ನಗುತ್ತ ಬಂದ.

ಹದ್ರಾಮಿ ಇಳಿಯುವ ಮೊದಲೇ ಹೇಳಬೇಕೆಂದುಕೊಂಡಿದ್ದ. ಆದರೆ ಇಳಿದು, ಯಾರೋ ಕೊಟ್ಟ ಚಹಾದ ಗ್ಲಾಸು ಹಿಡಿದು ನಿಂತ, ಕುಡಿಯದೆ ಕೆಳಗಿಟ್ಟ. ಆಮೇಲೆ ಒಂದೇ ಉಸಿರಿಗೆ ಹೇಳಿದ. ಕಲ್ಲಾದ ಹಸುವಿನ ಗೊರಸು, ಬಿಳಿ ಮಣ್ಣು, ಎರಡು ತಿತ್ತಿ ನೀರು, ಎರಡು ಬೆರಳು. "ನಾನು ತಪ್ಪು ಓದಿದೆ. ಮಸ್ಸೂದ್ ಕದ್ದಿಲ್ಲ," ಎಂದ.

ರಾಟೆ ನಿಂತಿತು. ನೀರು ಸೇದುತ್ತಿದ್ದವರು ಹಗ್ಗ ಹಿಡಿದು ಹಾಗೇ ನಿಂತರು.

ಮೊದಲು ನಕ್ಕವನು ಸಿದಾತಿ. "ಸತ್ತು ಕಲ್ಲಾಗಿರೋ ಹಸು ಬಂದು ನಿನಗೆ ಪಾಠ ಹೇಳ್ತೇನಣ್ಣ? ಪಟ್ಟಣದ ಹುಡುಗಿ ಬ್ರಷ್ ಹಿಡ್ಕೊಂಡು ಬಂದ್ಲು, ನಲವತ್ತು ವರ್ಷದ ಕಣ್ಣನ್ನ ಒರೆಸಿ ಹೋದ್ಲು!" ನಗು ಅಲ್ಲಿಗೇ ನಿಂತಿತು. "ಹಾಗಾದ್ರೆ ನನ್ನ ಝರ್ಗ ಎಲ್ಲಿ?"

"ಗೊತ್ತಿಲ್ಲ."

ಹದ್ರಾಮಿಯ ಬಾಯಲ್ಲಿ ಆ ಮಾತನ್ನು ಅಲ್ಲಿದ್ದ ಯಾರೂ ಕೇಳಿರಲಿಲ್ಲ.

"ಗೊತ್ತಿಲ್ಲ ಅಂದ್ರೆ?"

"ಗೊತ್ತಿಲ್ಲ ಅಂದ್ರೆ ಗೊತ್ತಿಲ್ಲ ಸಿದಾತಿ. ಅವತ್ತೂ ಗೊತ್ತಿರಲಿಲ್ಲ. ಗೊತ್ತು ಅಂದ್ಕೊಂಡಿದ್ದೆ."

ಸಿದಾತಿ ಹತ್ತಿರ ಬಂದು ದನಿ ತಗ್ಗಿಸಿದ. ಈಗ ಅವನ ಮುಖದಲ್ಲಿ ನಿಜವಾದ ಕಾಳಜಿ ಇತ್ತು. "ಅಣ್ಣಾ, ನಿನ್ನ ಒಳ್ಳೇದಕ್ಕೆ ಹೇಳ್ತೀನಿ. ನೀನಿವತ್ತು ಈ ಮಾತು ಬಿಟ್ರೆ, ನಾಳೆ ಊರಿಗೆ ಊರೇ ನಿನ್ನ ಡೇರೆ ಮುಂದೆ ಇರುತ್ತೆ. ನನ್ನ ಕತ್ತೆ, ನನ್ನ ಮೇಕೆ, ನನ್ನಪ್ಪನ ಒಂಟೆ ಅಂತ. ನಲವತ್ತು ವರ್ಷದ ತೀರ್ಪೆಲ್ಲ ಎದ್ದು ಕೂರುತ್ತೆ. ನಮ್ಮ ಮನೆತನಕ್ಕೆ ಇರೋದೇ ನಿನ್ನ ಕಣ್ಣು. ಒಬ್ಬ ಮಸ್ಸೂದನಿಗೋಸ್ಕರ..."

"ಬರಲಿ," ಎಂದ ಹದ್ರಾಮಿ. "ಬಂದ್ರೆ ಕೂತು ಕೇಳ್ತೀನಿ." ಸಫ್ರದ ಹಗ್ಗವನ್ನು ಇನ್ನೊಂದು ಸುತ್ತು ಮುಂಗೈಗೆ ಸುತ್ತಿಕೊಂಡ.

ಶೇಖ್ ಫಾದಿಲ್ ಜಪಮಣಿ ಮಡಿಚಿ ಅಂಗೈಯೊಳಗಿಟ್ಟುಕೊಂಡ. "ನಾವು ತೀರ್ಪು ಕಟ್ಟಿದ್ದು ಅವನ ಕಣ್ಣಿನ ಮೇಲೆ. ಕಂಬ ಹೋದ ಮೇಲೆ ಡೇರೆ ನಿಲ್ಲಲ್ಲ ಸಿದಾತಿ. ಅವತ್ತು ಒಬ್ಬ ಆಣೆ ಮಾಡ್ತೀನಿ ಅಂದ. ನಾವು ಮಾಡೋಕೆ ಬಿಡಲಿಲ್ಲ. ಅದು ಹದ್ರಾಮಿಯ ತಪ್ಪಲ್ಲ, ನಮ್ಮದು. ಒಂಟೆ ಮಸ್ಸೂದನದು. ಮರೀನೂ ಅವನದೇ."

"ಸರಿ! ತೀರ್ಪು ನಿಮ್ಮದೇ, ತಿರುಗಿಸೋದೂ ನಿಮ್ಮದೇ!" ಸಿದಾತಿ ಕೂಗಾಡಿದ. "ಎಲ್ಲರ ಎದುರಿಗೆ ನನ್ನ ಹಿಂಡಿನಿಂದ ಒಂಟೆ ಬಿಡಿಸ್ಕೊಂಡು ಹೋಗ್ತಾರೆ, ನಾನು ಕೈ ಕಟ್ಕೊಂಡು ನಿಂತಿರಬೇಕು! ಒಂದು ಹೋದ್ರೆ ಒಂದು ಬರಬೇಕು, ಹಂಗಲ್ದೆ ನಾನು ಬಿಡಲ್ಲ."

ಹದ್ರಾಮಿ ತನ್ನ ಸವಾರಿ ಒಂಟೆಯ ಮೂಗುದಾರವನ್ನು ಅವನ ಮುಂದೆ ಹಿಡಿದ.

"ಏನಿದು?"

"ಒಂದು ಹೋಯ್ತು, ಒಂದು ಬಂತು."

"ಹುಚ್ಚನಾ ನೀನು? ದಾರಿ ತೋರಿಸೋನು ನಡ್ಕೊಂಡು ಹೋಗ್ತೀಯಾ? ಯಾವ ಜೀಪಿನೋನು ನಿನ್ನ ಕರೀತಾನೆ?"

"ಅದು ನ್ಯಾಯ ಅಲ್ಲ ಹದ್ರಾಮಿ," ಎಂದ ಶೇಖ್. "ನೀನು ಅವನಿಗೆ ಏನೂ ಕೊಡಬೇಕಾಗಿಲ್ಲ."

"ನ್ಯಾಯ ಕೇಳೋಕೆ ಬಂದಿಲ್ಲ ಶೇಖ್. ಇವಳನ್ನ ಜಗಳ ಇಲ್ಲದೆ ಕರ್ಕೊಂಡು ಹೋಗೋಕೆ ಬಂದೆ. ಜಗಳ ಬಿದ್ದ ಒಂಟೆ ಅವನ ಮನೇಲಿ ಕಟ್ಟಿದ್ರೆ, ನಾಳೆ ಮತ್ತೆ ಯಾರೋ ಒಬ್ರು ಹೆಜ್ಜೆ ಹಿಡ್ಕೊಂಡು ಹೋಗ್ತಾರೆ."

ಸಿದಾತಿ ಮೂಗುದಾರ ತೆಗೆದುಕೊಂಡ. ಅವನು ತೆಗೆದುಕೊಳ್ಳಲಾರ ಎಂದು ಕೆಲವರು ಅಂದುಕೊಂಡಿದ್ದರು, ಪ್ರಾಯಶಃ ಸಿದಾತಿಯೂ ಅಂದುಕೊಂಡಿದ್ದ. ಸ್ವಲ್ಪ ಹೊತ್ತಿಗೆ ರಾಟೆ ಮತ್ತೆ ಕಿರುಗುಟ್ಟಿತು.

ಬಯಲಿನ ಆಚೆ ಕೊನೆಗೆ ಎರಡು ದಿನದ ನಡಿಗೆ. ಹದ್ರಾಮಿ ಯೌವನದಲ್ಲಿ ನಡೆದಿದ್ದ. ಅರವತ್ತೆಂಟರಲ್ಲಿ ಅದು ಮೂರು ದಿನವಾಯಿತು. ಬಿಳಿ ನೆಲ ಕಣ್ಣಿಗೆ ಚುಚ್ಚುತ್ತಿತ್ತು. ಚಿಪ್ಪುಗಳು ಕಾಲ ಕೆಳಗೆ ಮುರಿಯುತ್ತಿದ್ದವು. ನಡೆಯುತ್ತ ನಡೆಯುತ್ತ ಅವನು ಹಳೆಯ ಓದುಗಳನ್ನೆಲ್ಲ ಒಂದೊಂದಾಗಿ ಎತ್ತಿ ನೋಡುತ್ತಿದ್ದ: ಆ ವರ್ಷದ ಕತ್ತೆ, ಆ ಬೇಸಿಗೆಯ ಕಳ್ಳ, ಬಾವಿಗೆ ಬಿದ್ದವನ ಕೊನೆಯ ಹೆಜ್ಜೆ. ಎಲ್ಲವೂ ಒಣನೆಲದವು. ಆದರೂ ಮನಸ್ಸು ಒಂದನ್ನು ಇಟ್ಟು ಇನ್ನೊಂದನ್ನು ಎತ್ತುತ್ತಿತ್ತು, ಇಟ್ಟದ್ದನ್ನೇ ಮತ್ತೆ ಎತ್ತುತ್ತಿತ್ತು. ರಾತ್ರಿ ಮಲಗಿದರೆ ನಿದ್ದೆಯಿಲ್ಲ. ಮರಿಗೆ ಹಾಲು ಬಿಟ್ಟು ತಾನು ಖರ್ಜೂರ ತಿಂದು ನೀರು ಕುಡಿದ. ಕೆಚ್ಚಲು ತುಂಬಿ ಸಫ್ರ ನರಳಿದಾಗ ಮರಳಿಗೆ ಕರೆದ, ಬಾಯಿಗೆ ಹಾಕಿಕೊಳ್ಳಲಿಲ್ಲ.

ಮೂರನೆಯ ದಿನ ಸಂಜೆ ದೂರದಲ್ಲಿ ಒಂದೇ ಒಂದು ಡೇರೆ ಕಂಡಿತು. ತೇಪೆಯ ಮೇಲೆ ತೇಪೆ ಹಾಕಿದ ಡೇರೆ. ಪಕ್ಕದಲ್ಲಿ ಒಬ್ಬ ಗಂಡಸು ಸೊಂಟದ ಮಟ್ಟದ ಗುಂಡಿಯಲ್ಲಿ ನಿಂತು, ಒಂಟೆಗಳು ನೆಕ್ಕುವ ಉಪ್ಪುಮಣ್ಣನ್ನು ಕೆರೆದು ಮೇಲೆ ಎಸೆಯುತ್ತಿದ್ದ. ಹಿಂಡು ಮೇಯಿಸುತ್ತಿದ್ದ ಮಸ್ಸೂದ್ ಈಗ ಬೇರೆಯವರ ಹಿಂಡಿಗೆ ಉಪ್ಪು ಅಗೆಯುತ್ತಿದ್ದ.

ಸಫ್ರ ತಟಕ್ಕನೆ ಕತ್ತೆತ್ತಿತು. ಹಗ್ಗ ಜಗ್ಗಿತು. ಹದ್ರಾಮಿ ಹಿಮ್ಮಡಿ ಊರಿ ಎರಡೂ ಕೈಯಲ್ಲಿ ಹಿಡಿದ. ಅದಾಗಿಯೇ ಓಡಿಹೋಗಿಬಿಟ್ಟರೆ ತಾನು ಬಂದದ್ದು ಏನಾಯಿತು?

ಮಸ್ಸೂದ್ ಗುಂಡಿಯಿಂದ ಹತ್ತಿ ಬಂದ. ಉಪ್ಪು ಅವನ ಮೊಣಕೈವರೆಗೂ ಬೆಳ್ಳಗೆ ಅಂಟಿತ್ತು. ಅವನು ಒಂಟೆಯನ್ನು ನೋಡಿದ, ಮರಿಯನ್ನು ನೋಡಿದ. ಆಮೇಲೆ ಬಂದ ಮುದುಕನನ್ನು. ದಾರಿಯಲ್ಲಿ ಬಂದವನಿಗೆ ಸಲ್ಲಬೇಕಾದ ಮಾತು ಮೊದಲು ಸಲ್ಲಬೇಕು.

"ಸಲಾಮು."

"ನಿನಗೂ ಸಲಾಮು."

"ಕೆಡುಕಿಲ್ಲ ತಾನೇ?"

"ಕೆಡುಕಿಲ್ಲ. ನಿನಗೆ ಕೆಡುಕಿಲ್ಲ ತಾನೇ?"

"ಕೆಡುಕಿಲ್ಲ. ಮನೆಯವರಿಗೆ?"

"ಕೆಡುಕಿಲ್ಲ."

ಮಸ್ಸೂದನ ಹೆಂಡತಿ ಡೇರೆಯ ಅಂಚು ಎತ್ತಿ ನೋಡಿದಳು. ಸಫ್ರವನ್ನು ಕಂಡು ಅವಳ ಕೈ ಬಾಯಿಗೆ ಹೋಯಿತು. ಆಮೇಲೆ ಒಳಗೆ ಹೋಗಿ, ಮೇಕೆ ಹಾಲಿಗೆ ಅರ್ಧಕ್ಕರ್ಧ ನೀರು ಬೆರೆಸಿದ ಬಟ್ಟಲನ್ನು ತಂದು ಗಂಡನ ಕೈಗೆ ಕೊಟ್ಟಳು. ಅವನು ಅದನ್ನು ಅತಿಥಿಯ ಮುಂದೆ ಹಿಡಿದ.

"ಕುಡೀರಿ. ಬಿಸಿಲಲ್ಲಿ ಬಂದಿದ್ದೀರಿ."

"ಹೇಳಿ ಕುಡೀತೀನಿ," ಎಂದ ಹದ್ರಾಮಿ. "ಬಾವಿಯ ಹತ್ರ ಎಲ್ಲರ ಮುಂದೆ ಹೇಳಿದ್ದೀನಿ. ಈಗ ನಿನ್ನ ಮುಂದೆ. ಅವತ್ತು ಹೋಗಿದ್ದು ಇವಳೇ. ನೀನು ಹೇಳಿದ್ದು ಹೇಳಿದ ಹಾಗೇ ನಿಜ. ನೆಲ ಒದ್ದೆ ಇತ್ತು. ನನಗೆ ಓದೋಕೆ ಬರಲಿಲ್ಲ."

ಮಸ್ಸೂದ್ ಬಟ್ಟಲು ಹಿಡಿದೇ ನಿಂತಿದ್ದ.

"ಓದೋಕೆ ಬರದೇ ಇದ್ದದ್ದು ದೊಡ್ಡದಲ್ಲ ದೊಡ್ಡೋರೇ," ಎಂದ. "ನೀವು ನಗಿಸಿದ್ರಿ. ಅವರೆಲ್ಲ ನಕ್ಕರು."

"ಹೌದು," ಎಂದ ಹದ್ರಾಮಿ. "ನಗಿಸಿದೆ. ಆಣೆಯ ಮಾತು ಬಂದಾಗ ಸುಮ್ನೂ ಇದ್ದೆ."

ಅವನು ಬಟ್ಟಲು ತೆಗೆದುಕೊಂಡು, ಬಿಸ್ಮಿಲ್ಲಾ ಎಂದು, ನಿಂತಲ್ಲೇ ಕೂತು ಮೂರು ಗುಟುಕಿನಲ್ಲಿ ಕುಡಿದ. ಬಟ್ಟಲನ್ನು ಹೆಂಗಸಿಗೆ ಮರಳಿಸಿದ. ಬಯಲಿನ ಮೇಲೆ ಸೂರ್ಯ ಇಳಿಯುತ್ತಿದ್ದ. ಇವರು ಬಂದ ಹೆಜ್ಜೆಗಳ ಒಳಗೆಲ್ಲ ನೆರಳು ತುಂಬಿಕೊಳ್ಳುತ್ತಿತ್ತು. ಮರಿ ಗುಂಡಿಯ ಅಂಚಿಗೆ ಹೋಗಿ ಉಪ್ಪು ನೆಕ್ಕತೊಡಗಿತು.

ಹದ್ರಾಮಿ ಎದ್ದು ಮುಂಗೈಗೆ ಸುತ್ತಿದ್ದ ಹಗ್ಗ ಬಿಚ್ಚಿದ, ಒಂದು ಸುತ್ತು, ಇನ್ನೊಂದು ಸುತ್ತು. ಮೂರು ದಿನ ಬಿಗಿದಿದ್ದ ಜಾಗದಲ್ಲಿ ಚರ್ಮ ಕೆಂಪಾಗಿತ್ತು. ಮಸ್ಸೂದ್ ಉಪ್ಪಾದ ಕೈಗಳನ್ನು ನಿಲುವಂಗಿಗೆ ಒರೆಸಿಕೊಂಡ, ಒರೆಸಿದ್ದು ಸಾಲದೆಂಬಂತೆ ಮತ್ತೊಮ್ಮೆ ಒರೆಸಿಕೊಂಡ. ಆಮೇಲೆ ಬಲಗೈ ಚಾಚಿದ. ಹದ್ರಾಮಿ ಹಗ್ಗದ ತುದಿಯನ್ನು ಅವನ ಅಂಗೈ ಮೇಲಿಟ್ಟು, ಆ ಬೆರಳುಗಳು ಮಡಿಚಿಕೊಳ್ಳುವವರೆಗೆ ಕಾದು, ಕೈ ತೆಗೆದ.